ದಾಕ್ಷಿಣ್ಯಕ್ಕೆ ಪಾಸಾದ ಪ್ಯಾಚು

ದಾಕ್ಷಿಣ್ಯ ಒಂದು ರೋಗವೆಂದು ಯಾವ ಡಾಕ್ಟರೂ ಚೀಟಿ ಬರೆದುಕೊಟ್ಟಿಲ್ಲ. ಕೊಟ್ಟಿದ್ದರೆ ಅದನ್ನೇ ತೋರಿಸಿ ನಾನು ಮಾನ ಉಳಿಸಿಕೊಳ್ಳುತ್ತಿದ್ದೆ. ತಳ ಹಿಡಿದ ಪಾಯಸ ಬಡಿಸಿ "ಹೆಂಗಾಗ್ಯದೆ?" ಎಂದು ಕೇಳಿದವರಿಗೆ "ಬಹಳ ಚಲೋ ಆಗ್ಯದೆ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡವ ನಾನು. ನಮ್ಮ ಕುಮಟೆಯಲ್ಲಿ ಇದರಿಂದ ನನ್ನ ಹೊಟ್ಟೆಯೊಂದನ್ನು ಬಿಟ್ಟರೆ ಯಾರಿಗೂ ತೊಂದರೆಯಾಗಿರಲಿಲ್ಲ.

ಹೆಂಡತಿ ಸುಧಾ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾಳೆ. ನಾನು ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವ. ಅವಳ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟದ್ದು ನನ್ನದೇ ಘನಕಾರ್ಯ. ಒಂದು ಅಪ್‌ಡೇಟ್ ಆದದ್ದೇ ಸೈ, ಕರೆಂಟು ಹೋದಾಗ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ತಿರುಗಿ ತೆರೆದರೆ ಪರದೆ ಕಪ್ಪು. ಆರಿಸಿ ಹಚ್ಚುವಷ್ಟರಲ್ಲಿ ಅರ್ಧ ತುಂಬಿದ ಅರ್ಜಿ ಮಾಯ, ಗಿರಾಕಿ ಪಕ್ಕದ ಅಂಗಡಿಗೆ. "ನಿಮ್ಮ ಲಿನಕ್ಸ್ ನನ್ನ ಬಾಗಿಲು ಹಾಕಿಸ್ತದೆ, ನೋಡ್ತಾ ಇರಿ" ಎಂದಳು.

ಲಿನಕ್ಸಿಗೆ ಒಬ್ಬ ಯಜಮಾನನಿಲ್ಲ. ಪರದೆಗೆ ಚಿತ್ರ ಕಳಿಸುವ ಡ್ರೈವರಿಗೆ ಜರ್ಮನಿಯವರೊಬ್ಬರು ಮೇಂಟೇನರ್, ಅಂದರೆ ಉಸ್ತುವಾರಿ; ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸುವ ಭಾಗಕ್ಕೆ ಫಿನ್ಲೆಂಡಿನವರೊಬ್ಬರು. ನಾನು ದೂರು ಬರೆದದ್ದೇ ತಡ, ತಪ್ಪು ಅವರ ಭಾಗದ್ದೆಂದು ಇವರು, ಇವರ ಭಾಗದ್ದೆಂದು ಅವರು. ಎಲ್ಲವೂ ಜಗತ್ತೇ ಓದಬಹುದಾದ ಈಮೇಲಿನಲ್ಲಿ. ಹೊನ್ನಾವರದ ಬಸ್ಸಿನಲ್ಲಿ ಕೂತು ನಾನು ಇವರ ಮಾತನ್ನು ಮೆತ್ತಗೆ ಮಾಡಿ ಅವರಿಗೆ, ಅವರದ್ದನ್ನು ಇವರಿಗೆ ಮುಟ್ಟಿಸಿದೆ. ಆ ಭರದಲ್ಲಿ ಹೊನ್ನಾವರದಲ್ಲಿ ಇಳಿಯಲು ಮರೆತು, ಶರಾವತಿ ಸೇತುವೆ ದಾಟಿ ಮುಂದಿನ ಸ್ಟಾಪಿಗೆ ಹೋಗಿ ಇಳಿದದ್ದೂ ಉಂಟು. ಕಡೆಗೂ ಇಬ್ಬರೂ ಒಂದಾಗಿ ಒಂದು ಪ್ಯಾಚು, ಅಂದರೆ ರಿಪೇರಿಯ ತೇಪೆ, ಬರೆದರು. "ಪರೀಕ್ಷೆ ಮಾಡಿ ಹೇಳಿ" ಎಂದರು.

ಹಾಕಿ ನೋಡಿದೆ. ಮೊದಲ ಸಲ ಪರದೆ ಬಂತು. ಎರಡನೇ ಸಲ ಕಪ್ಪು. ಮೂರನೇ ಸಲ ಮತ್ತೆ ಬಂತು. ಸುಧಾ ಹಿಂದೆಯೇ ನಿಂತಿದ್ದಳು. "ಎಂತ, ಸರಿ ಆಗ್ಲಿಲ್ಲಲ್ಲ?"

"ಹೆಚ್ಚುಕಡಿಮೆ ಆತು" ಎಂದೆ. ಈಗಷ್ಟೇ ರಾಜಿಯಾದವರು, ಪುಕ್ಕಟೆ ದುಡಿದವರು. ಅವರ ಮುಖಕ್ಕೆ ಇಲ್ಲವೆನ್ನುವುದು ಹೇಗೆ? ಪಾಯಸದ ಬಾಯಿ ತೆರೆಯಿತು. "ಬಹಳ ಚೆನ್ನಾಗಿ ನಡೆಯುತ್ತಿದೆ, ಅನಂತ ವಂದನೆಗಳು" ಎಂದು ಬರೆದು, ಪರೀಕ್ಷಿಸಿದವರು ಎಂಬಲ್ಲಿ ನನ್ನ ಪೂರ್ಣ ಹೆಸರು ಕೊಟ್ಟೆ.

ಪ್ಯಾಚು ಲಿನಕ್ಸಿನೊಳಗೆ ಸೇರಿತು. ಮುಂದಿನ ವಾರ ಎಲ್ಲೆಲ್ಲಿಂದಲೋ ಜನ ತಮ್ಮ ಪರದೆಯೂ ಕಪ್ಪಾಯಿತೆಂದು ಬರೆದರು; ಮೊದಲು ಚೆನ್ನಾಗಿದ್ದವರದ್ದೂ ಕೂಡ. ಇತ್ತ ಅರ್ಜಿಯ ಕಡೇ ದಿನ ಮಿರ್ಜಾನದಿಂದ ಬಂದ ಹುಡುಗಿಯೊಬ್ಬಳು, ತುಂಬಿದ ಅರ್ಜಿ ಮಾಯವಾಗಿ, ಸುಧಾಳ ಎದುರೇ ಕಣ್ಣೀರು ಹಾಕಿ ಪಕ್ಕದ ಅಂಗಡಿಗೆ ಓಡಿದಳು. ಮೇಂಟೇನರುಗಳು ಪ್ಯಾಚನ್ನು ಕಿತ್ತು ಹಾಕಿದರು. ಜರ್ಮನಿಯವರು ತೀರಾ ಸೌಜನ್ಯದಿಂದ ಕೇಳಿದರು: "ನಿಮ್ಮಲ್ಲಿ ನಿಜವಾಗಿ ಸರಿಯಾಗಿತ್ತೇ?" ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಿವಿ ಬಿಸಿಯಾಗಿ, ಇದ್ದದ್ದು ಇದ್ದಹಾಗೆ ಬರೆದೆ. ಹಿಂದೆ ನಿಂತ ಹೆಂಡತಿ ಆಗಲೇ ಸರಿ ಆಗಿಲ್ಲವೆಂದದ್ದನ್ನೂ ಸೇರಿಸಿದೆ, ಯಾಕೋ.

ಫಿನ್ಲೆಂಡಿನವರ ಉತ್ತರ ಒಂದೇ ಸಾಲು: "ಹೊಸ ಪ್ಯಾಚು ಕಳಿಸುತ್ತೇವೆ, ಈ ಸಲ ದಯವಿಟ್ಟು ನಿಮ್ಮ ಹೆಂಡತಿ ಹೇಳಲಿ." ಇದನ್ನೂ ಜಗತ್ತು ಓದಿತು. ನನ್ನ ಲ್ಯಾಬಿನ ವಿದ್ಯಾರ್ಥಿಗಳೂ ಓದಿದರು.

ಹೊಸ ಪ್ಯಾಚು ಬಂತು. ಸುಧಾ ಒಂದಿಡೀ ದಿನ ಲ್ಯಾಪ್‌ಟಾಪು ಮುಚ್ಚಿ ತೆರೆದು ನೋಡಿದಳು. "ಬರೀರಿ. ಮಧ್ಯಾಹ್ನ ಒಂದ್ಸಲ ಕಪ್ಪಾತು. ಸರಿ ಆಗ್ಲಿಲ್ಲ."

"ಮೊದಲು ಒಂದು ವಂದನೆ ಹಾಕಲಾ?"

"ಸರಿ ಆದ್ಮೇಲೆ ಹಾಕ್ವ."

ಹಾಗೆಯೇ ಬರೆದೆ, ಬೆವರುತ್ತ. ಇಬ್ಬರಿಂದಲೂ ಕೂಡಲೇ ಉತ್ತರ ಬಂತು; ಇಷ್ಟು ಉಪಯೋಗದ ವರದಿ ಇಲ್ಲಿಯವರೆಗೆ ಸಿಕ್ಕಿರಲಿಲ್ಲವಂತೆ! ಅದರ ಮುಂದಿನ ಪ್ಯಾಚಿಗೆ ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಈಗ ಲಿನಕ್ಸಿನ ಚರಿತ್ರೆಯಲ್ಲಿ ನಮ್ಮಿಬ್ಬರ ಹೆಸರೂ ಶಾಶ್ವತ: ಕಿತ್ತು ಹಾಕಿದ ಪ್ಯಾಚಿನಲ್ಲಿ ನನ್ನದು, ಉಳಿದದ್ದರಲ್ಲಿ ಅವಳದು.

ಅಂಗಡಿಗೆ ಗಿರಾಕಿ ಮರಳಿದ್ದಾರೆ. ಮನೆಯಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಮೊದಲೆಲ್ಲ ಸುಧಾ ಸಾರು ಕುದಿಯುವಾಗ ಸೌಟು ಹಿಡಿದು ನನ್ನ ಹತ್ತಿರ ಬಂದು "ಉಪ್ಪು ಸಮಾ ಅದ್ಯಾ?" ಎಂದು ಕೇಳುತ್ತಿದ್ದಳು. ಈಗ ಅಭ್ಯಾಸದಂತೆ ಬಾಗಿಲವರೆಗೆ ಬರುತ್ತಾಳೆ, ನನ್ನ ಮುಖ ನೋಡುತ್ತಾಳೆ, ಅಲ್ಲೇ ನಿಂತು ತಾನೇ ರುಚಿ ನೋಡಿ ಒಳಗೆ ಹೋಗುತ್ತಾಳೆ.