ಬಾಟ್ಲಿ ಬೀಳಿಸಿದಾಂವ ನಾನೇ ಅಂತ ಒಪ್ಪಿದ್ದು

ನಮ್ಮ ಮಾಮಾ ಮನಿ ತೋರಸ್ಲಾಕ ಹೋದಲ್ಲೆಲ್ಲಾ ಏನರೆ ಒಂದು ಆಗೇ ಆಗ್ತದ. ಅದರಾಗ ಅರ್ಧಾ ನಾ ಮಾಡಿದ್ದು. ಉಳದರ್ಧಾ ಯಾರು ಮಾಡ್ತಾರೋ ನನಗೂ ಗೊತ್ತಿಲ್ಲ.

ಮಾಮಾ ಅಂದ್ರ ನಮ್ಮವ್ವನ ತಮ್ಮ, ಮನಿ-ಪ್ಲಾಟ್ ಏಜೆಂಟ್. ನಾ ಹತ್ತನೇತ್ತಾ ಎರಡು ಸಲ ಫೇಲಾಗಿ ಅಂವನ ಗಾಡಿ ಹಿಂದ ಕುಂತು ತಿರಗಾಂವ. ಈ ಸಲ ಸಿಕ್ಕ ಗಿರಾಕಿ ಗಂಡ-ಹೆಂಡ್ತಿ. ಸಾಹೇಬ್ರು ಬ್ಯಾಂಕಿನವ್ರು, "ಮನಿ ಚಲೋ ಸಿಕ್ಕ ಊರಿಗೇ ವರ್ಗ ಮಾಡಿಸ್ಕೋತೀನಿ" ಅಂದಿದ್ರು. ಅವರ ಹೆಂಡ್ತಿ ಬಾಯಿಯವ್ರ ಕೈಯಾಗ ಎರಡು ಪುಟದ ಯಾದಿ. ವಾಸ್ತು ಬೇಕು, ಮೊಬೈಲಿಗಿ ರೇಂಜ್ ಬೇಕು, ಕಾರು ನಿಂದರಬೇಕು, ಮಗ್ಗಲ ಮನ್ಯಾಗ ನಾಯಿ ಇರಬಾರ್ದು.

ಮಾಮಾ ಮೊದಲೇ ಹೇಳಿದ್ದ: "ನಿನ್ನ ಕಿತಾಪತಿಯಿಂದ ಈ ಗಿರಾಕಿ ಹೋತಂದ್ರ ಸೀದಾ ಸಾಲಿಗಿ. ಮೂರನೇ ಸಲ ಹತ್ತನೇತ್ತಾ!"

ಸಾಲಿ ಅಂದ್ರ ನನಗ ಸ್ಮಶಾನಕಿಂತ ಹೆಚ್ಚು ಅಂಜಿಕಿ.

೧. ಉಮರ್ಗಾದ ತಿರಗೋ ಮನಿ

ಬಾಳ ದಿನ ಕೀಲಿ ಹಾಕಿದ್ದ ಮನಿ. ಹೊರಗ ಖಡಕ್ ಬಿಸಲು, ಒಳಗ ಕಾಲಿಗಿ ತಣ್ಣಗ. ಯಾರೂ ಮುಟ್ಟದ ಬಾಗಲಾ ಒಂದು ತಾನೇ ಕಿರ್ ಅಂತು.

ಸಾಹೇಬ್ರು ವಾಸ್ತು ನೋಡ್ಲಾಕ ಮೊಬೈಲಿನಾಗ ದಿಕ್ಸೂಚಿ ತಗದ್ರು. ನನ್ನ ಕಿಸೇದಾಗ ಹಳೇ ಸ್ಪೀಕರ್ ಬಿಚ್ಚಿ ತಗದ ಲೋಹಚುಂಬಕ ಇತ್ತು. ನಾ ಅವರ ಎಡಕ್ಕ ನಿಂತ್ರ ಮುಳ್ಳು ಎಡಕ್ಕ, ಬಲಕ್ಕ ನಿಂತ್ರ ಬಲಕ್ಕ. ಸುತ್ತೂ ತಿರಗಿದೆ, ಅದೂ ತಿರಗ್ತು.

ಬಾಯಿಯವ್ರ ಮುಖ ಬೆಳ್ಳಗಾತು. "ಅಹೋ, ಮನಿ ತಿರಗಲಾಕತ್ತದ!"

ಮಾಮಾ ಎದಿ ಉಬ್ಬಿಸಿ ಅಂದ: "ಹೌದ್ರೀ ಬಾಯಿ, ಹೊಸಾ ನಮೂನಿ ಮನಿ. ದಿನಕ್ಕೊಂದು ಖೋಲಿ ಪೂರ್ವಕ್ಕ ಬರ್ತದ."

೨. ನಿಲಂಗಾದ ಹಗೇವು

ಇಲ್ಲಿ ಹಳೀ ವಾಡೇ ಕೆಡವಿ ಹೊಸಾ ಮನಿ ಕಟ್ಟಿದ್ರು. ಆದ್ರ ಕಾಳು ತುಂಬೋ ಹಗೇವು ನೆಲದ ಕೆಳಗ ಹಂಗೇ ಉಳದಿತ್ತು. ಗಿರಾಕಿ ಬರೂಕಿಂತ ಮೊದಲು ಕಸಾ ಬಳೀಲಾಕ ಮಾಮಾ ನನ್ನ ಅದರಾಗ ಇಳಿಸಿ, ಮ್ಯಾಲ ಹಲಗಿ ಮುಚ್ಚಿ, ಮರತೇ ಬಿಟ್ಟ.

ಕತ್ತಲದಾಗ ಕುಂತಿದ್ದೆ. ನೆತ್ತಿ ಮ್ಯಾಲ ಚಪ್ಪಲಿ ಸಪ್ಪಳ ಬಂತು. ಬಾಯಿಯವ್ರು ಯಾದಿ ಓದ್ಲಿಕತ್ರು. ನೀರು ಆತು, ರೇಂಜ್ ಆತು. ಆಮ್ಯಾಗ ದನಿ ಸಣ್ಣ ಮಾಡಿ ಕೇಳಿದ್ರು: "ಖರೇ ಹೇಳ್ರೀ, ಈ ಮನ್ಯಾಗ ಯಾರರೆ ಸತ್ತಾರೇನು?"

ಮಾಮಾ, "ಕಿಡಕಿ ನೋಡ್ರೀ, ಎಷ್ಟು ದೊಡ್ಡವ" ಅಂತ ಮಾತು ತಿರಗಿಸ್ದ. ಕೇಳಿದವ್ರಿಗಿ ಜವಾಬು ಕೊಡಬೇಕಲ್ಲಾ? ನಾನೇ ಕೊಟ್ಟೆ. ಹಗೇವಿನಾಗ ನನ್ನ ದನಿ ನನಗೇ ಗುರ್ತು ಸಿಗಲಿಲ್ಲ.

"ಇಲ್ರೀ ಬಾಯೀ, ಇಲ್ಲೀ ತನಕಾ ನಾವ್ಯಾರೂ ಸತ್ತಿಲ್ರೀ."

೩. ಉದಗೀರದ ಬಾಟ್ಲಿ

ಆ ದನಿ ಕೇಳಿ ಓಡಿಹೋದ ಗಂಡ-ಹೆಂಡ್ತಿ ಮುಂದ ಮಾಮಾ ನನ್ನ ಕಿವಿ ಹಿಡದು ನಿಂದರಿಸಿ, "ಹಗೇವಿನಾಗ ಇದ್ದಾಂವ ಇಂವಾ" ಅಂತ ಮಾಫಿ ಕೇಳಿಸ್ದ. ಅಂತೂ ಉದಗೀರದ ಮನಿಗಿ ಬಂದ್ರು. ಸಿಮೆಂಟಿನ ಹೊಸಾ ಮನಿ, ಯಾದಿಯಾಗಿನ ಎಲ್ಲಾ ಇತ್ತು.

ಬಾಯಿಯವ್ರ ತವರಮನಿ ಸಾಸ್ತೂರ. ಅಲ್ಲಿ ಮನಿಗೋಳೆಲ್ಲಾ ಕೆಡವಿದ ಭೂಕಂಪ ಆದಾಗಿಂದ ಅವರವ್ವ ಮಾಡ್ಕೊಂಡು ಬಂದಿದ್ದನ್ನ ಇವರೂ ಮಾಡಿದ್ರು. ಚೀಲದಾಗಿಂದ ಖಾಲಿ ಗಾಜಿನ ಬಾಟ್ಲಿ ತಗದು ಅಡಗಿಮನಿ ಕಟ್ಟಿ ಮ್ಯಾಲ ಬಾಯಿ ಕೆಳಗ ಮಾಡಿ ನಿಂದರಿಸಿದ್ರು. ನೆಲ ಜರಾ ಅಲಗಾಡಿದ್ರೂ ಅದು ಬೀಳ್ತದ. "ಇದು ನಿಂತ್ರ ಮನಿ ತಗೋತೀವ್ರಿ."

ನಾವು ನಾಲ್ಕೂ ಮಂದಿ ದೂರ ಬಾಗಲ ಹತ್ರ ನಿಂತ್ವಿ. ಫ್ಯಾನ್ ಬಂದ್, ಓಣ್ಯಾಗ ಒಂದು ಗಾಡಿ ಇಲ್ಲ.

ಕಿಣ್... ಕಿಣ್... ಬಾಟ್ಲಿ ನಡಗ್ತು. ಅಡ್ಡ ಬಿತ್ತು. ಕಟ್ಟಿ ಅಂಚಿನ ತನಕಾ ಉರುಳಿ ನಮ್ಮ ಕಡೀನೇ ಬಂತು.

ಎಲ್ಲಾರೂ ಅಂಗಳದಾಗ ಹೋಗಿ ನಿಂತ್ವಿ. ಎಲ್ಲಾರ ಮುಂದ ಮಾಮಾ. ಮಗ್ಗಲ ಮನಿ ಆಯಿ ಮಾತ್ರ ಹಪ್ಪಳ ಒಣಗಸ್ತಿದ್ಲು, "ಏನಾತ್ರೋ?" ಅಂದ್ಲು. ಹಂಗಾರ ಭೂಕಂಪ ಅಲ್ಲ. ಮೂರೂ ಮಂದಿ ನನ್ನ ನೋಡಿದ್ರು.

"ನಾ ಅಲ್ಲ! ನಮ್ಮವ್ವನ ಆಣಿ!" ಕೈ ಎರಡೂ ಮ್ಯಾಲ ಎತ್ತಿದೆ.

ಬಾಯಿಯವ್ರು ಕೈ ಮುಗದ್ರು. "ತಮ್ಮಾ, ನೀನೇ ಮಾಡ್ದಿ ಅಂತ ಹೇಳಪಾ. ಬೈಯಂಗಿಲ್ಲ."

ಸಾಹೇಬ್ರು ಹೆಗಲ ಮ್ಯಾಲ ಕೈ ಇಟ್ರು. "ಹೇಳು ಮಗಾ. ನೀ ಅಲ್ಲಾಂದ್ರ ಮತ್ಯಾರು?"

ಮಾಮಾ ಹಲ್ಲು ಕಡದ. "ಒಪ್ಗೋ!"

ಜನ್ಮದಾಗ ಮೊದಲನೇ ಸಲ ನಾ ಏನೂ ಮಾಡಿರಲಿಲ್ಲ. ಒಪ್ಪಿದ್ರ ಕಿತಾಪತಿ ಮಾಡ್ದಿ ಅಂತ ಸಾಲಿ. ಒಪ್ಪದಿದ್ರ ಗಿರಾಕಿ ಹೋಗಿ ಸಾಲಿ. ಹೆಂಗೂ ಹೋಗೋದೇ, ಮಾಮಾನ ಕೆಲಸಾರ ಆಗ್ಲಿ ಅಂದು, "ನಾನೇ ರೀ. ದಾರ ಕಟ್ಟಿ ಜಗ್ಗಿದೆ" ಅಂದೆ.

ಬಾಯಿಯವ್ರು ಬೆನ್ನಿಗಿ ಒಂದು ಗುದ್ದಿ ನಕ್ರು. ಬಾಟ್ಲಿ ಮತ್ತ ನಿಂದರಿಸಿ ಬಾಳ ಹೊತ್ತು ಕಾದ್ರು. ಅಲಗಾಡಲಿಲ್ಲ. ಮನಿ ಪಕ್ಕಾ ಆತು.

ಹಾದ್ಯಾಗ ಮಾಮಾ ನಗಕೋತ ಕೇಳ್ದ: "ದಾರ ಯಾವಾಗ ಕಟ್ದಿಲೇ?"

"ಕಟ್ಟಿಲ್ಲ ಮಾಮಾ. ಖರೇನೇ ನಾ ಅಲ್ಲ."

ಮಾಮಾ ಗಾಡಿ ನಿಂದರಸ್ದ. ಹಿಂದಕ್ಕ ತಿರಗಿ ನೋಡ್ಲಿಲ್ಲ. ಸಣ್ಣ ದನೀಲೆ ಅಂದ:

"ನೀ ಸಾಲಿಗಿ ಹೋಗಬ್ಯಾಡ. ಮನಿ ತೋರಿಸೋ ಮುಂದ ದಿನಾ ನನ್ನ ಬಾಜೂ ಇರು. ಇಂಥಾವೆಲ್ಲಾ ಯಾರ ಮ್ಯಾಲರೆ ಹಾಕಬೇಕಲ್ಲಾ!"