ಮನೆಯ ಮಾಲೀಕ, ಕತೆಯ ಖಳ

ಅಮೆರಿಕದ ಕ್ಯುಪರ್ಟಿನೋದಲ್ಲಿದ್ದ ಬಾಡಿಗೆ ಮನೆಯ ಲೀಸು ಮುಗಿಯುತ್ತ ಬಂದಿತ್ತು. ಸಹಿ ಹಾಕಬೇಕಾದ ಮಾಲೀಕ, ಮುದುಕ ಎಲ್ಮರ್ ಸಾಹೇಬರು, ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಹಳೆಯ ಕೌಬಾಯ್ ಧಾರಾವಾಹಿ ಬರುವ ಹೊತ್ತಿಗೇ ಬರುತ್ತೇನೆಂದರು. ಹರೆಯದಲ್ಲಿ ಅವರು ನಟಿಸಿದ್ದ ಕಂತು ಅಂದು ಮತ್ತೆ ಬರಲಿತ್ತು.

"ಸಹಿ ಆಗ್ಲಿಲ್ಲಾಂದ್ರೆ ಮನೆ ಜೊತೆ ಮಗಳು ಇಂಚರಾಳ ಸ್ಕೂಲೂ ಕೈತಪ್ಪತ್ತೆ ರೀ," ಎಂದಳು ಮಾಧುರಿ. "ಅತ್ತೆಗೆ ಸ್ವಲ್ಪ ಸುಮ್ನಿರೋಕೆ ಹೇಳಿ."

ಅಜಯ ಅವ್ವನನ್ನು ಬೇಡಿಕೊಂಡ. ವಿಜಯಪುರದಲ್ಲಿ ಬಯಲಾಟವೊಂದನ್ನೂ ಬಿಡದೆ ನೋಡಿದ್ದ ಬಂಗಾರೆವ್ವ, "ನಾ ಏನ್ ಮಾತಾಡ್ಲೋ ಯಪ್ಪಾ, ನನಗ ಇಂಗ್ಲೀಷ ಬರತೈತೇನ?" ಎಂದಳು.

ಸಾಹೇಬರು ಬಂದು ಟೀವಿಯೆದುರು ಕೂತದ್ದೇ ಕಂತು ಶುರುವಾಯಿತು. ಕುದುರೆಯಿಂದಿಳಿದ ಹರೆಯದ ಎಲ್ಮರ್ ಒಬ್ಬ ವಿಧವೆಯ ಪಾತ್ರೆಪಗಡಗಳನ್ನು ಅಂಗಳಕ್ಕೆಸೆದು, ಕೂಸಿನ ಸಮೇತ ಅವಳನ್ನು ಮನೆಯಿಂದ ಹೊರದೂಡಿದ. ತಿಳಿಯಲು ಇಂಗ್ಲಿಷೇನೂ ಬೇಕಿರಲಿಲ್ಲ. ಬಂಗಾರೆವ್ವ ಎದ್ದು ನಿಂತು ಟೀವಿಯತ್ತ ಹತ್ತೂ ಬೆರಳಿನ ನೆಟಿಗೆ ಮುರಿದಳು. "ನಿನ್ನ ಕೈಗೆ ಹಾವ ಕಡೀಲಿ, ಭಾಡ್ಯಾ."

"ಏನೆಂದರು?" ಸಾಹೇಬರು ಮುಂದಕ್ಕೆ ಬಾಗಿದರು.

ಷಟ್ಪದಿಯ ನಡುವೆ ಉಸಿರು ತಪ್ಪಿದ ಗಮಕಿಯಂತೆ ಅಜಯ ತಡವರಿಸಿದ. "ದೃಷ್ಟಿ ತೆಗೆದರು ಸರ್. ನಿಮ್ಮದು ದೇವರಂಥ ಮುಖವಂತೆ."

ಸಾಹೇಬರ ಮುಖ ಹಬೆಯಾರಿದ ಇಡ್ಲಿಯಂತೆ ಕುಗ್ಗಿತು. "ಖಳನ ಕಣ್ಣು ನಿನಗಿಲ್ಲ ಎಂದು ನಿರ್ದೇಶಕರೂ ಹೇಳಿದ್ದರು. ಆಮೇಲೆ ಯಾರೂ ಕರೆಯಲಿಲ್ಲ." ಪೆನ್ನನ್ನು ಜೇಬಿಗೆ ಸೇರಿಸಿ ಎದ್ದರು. "ಲೀಸಿನ ಮಾತು ಇನ್ನೊಮ್ಮೆ ಆಡೋಣ."

"ಸುಳ್ಳು ಹೇಳಿದೆ ಸರ್," ಎಂದು ಅಜಯ ಬಾಗಿಲಿಗೆ ಅಡ್ಡ ನಿಂತ. "ನಿಮ್ಮ ಕೈಗೆ ಹಾವು ಕಚ್ಚಲಿ ಅಂದರು. ಬೈಗುಳ ಬೇರೆ."

ಸಾಹೇಬರು ಮೆಲ್ಲಗೆ ಕುಳಿತರು. "ಅದು ನಟನೆಯೆಂದು ಅವರಿಗೆ ಗೊತ್ತಲ್ಲ?"

ಅಜಯ ಕೇಳಿದ. "ಗೊತ್ತೈತಿ," ಎಂದಳು ಬಂಗಾರೆವ್ವ. "ಎಷ್ಟ ಮಂದಿ ದುಶ್ಯಾಸನರನ್ನ ನೋಡೇನಿ ನಾ. ಯಾರ ಕಣ್ಣೂ ಹಿಂಗ ಇರಲಿಲ್ಲ. ಒಳಗ ಇಲ್ದದ್ದು ಕಣ್ಣಾಗ ಬರತೈತೇನ?"

ಈ ಸಲ ಅಜಯ ಒಂದಕ್ಷರ ಬಿಡದೆ ಅನುವಾದಿಸಿದ. ಸಾಹೇಬರು ಕಣ್ಣೊರೆಸಿಕೊಂಡರು, ಒಂದು ವರ್ಷದ ಜಾಗದಲ್ಲಿ ಎರಡು ವರ್ಷವೆಂದು ತಿದ್ದಿ ಸಹಿ ಹಾಕಿದರು. ಮಾಧುರಿ ನಿಟ್ಟುಸಿರುಬಿಟ್ಟು ಚಹಾಕ್ಕೆ ನೀರಿಟ್ಟಳು.

ಅಷ್ಟರಲ್ಲಿ ಬಂಗಾರೆವ್ವ ಕೋಣೆಯಿಂದ ತನ್ನ ಬ್ಯಾಗು ಎಳೆದುಕೊಂಡು ಬಂದಳು.

"ಎಲ್ಲಿಗವ್ವಾ?"

"ಕಾರಿನ್ಯಾಗ ಕುಂದರ್ತೀನಿ. ನೀ ಬ್ಯಾರೆ ಮನಿ ನೋಡು. ಗಂಡ ಸತ್ತಾಕಿ ಮನಿ ಕಸ್ಕೊಂಡಾಂವ ನಮ್ಮನ್ನ ಬಿಡತಾನೇನ? ಇವನ ಮನ್ಯಾಗ ನಾ ನೀರ ಸುದ್ದಾ ಕುಡಿಯಂಗಿಲ್ಲ."

"ಈಗೇನೆಂದರು?" ಸಾಹೇಬರ ದನಿಯಲ್ಲಿ ಆಸೆಯಿತ್ತು.

ಅಜಯ ಸೋತ ದನಿಯಲ್ಲಿ ಅದನ್ನೂ ಹೇಳಿದ.

ಎಲ್ಮರ್ ಸಾಹೇಬರು ಎದ್ದು ಟೋಪಿ ಸರಿಪಡಿಸಿಕೊಂಡರು. ತಲೆ ಬಾಗಿಸಿ ಬಂಗಾರೆವ್ವನ ಕೈಯಿಂದ ಬ್ಯಾಗು ತೆಗೆದುಕೊಂಡು, ಪದಕ ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿ, ತಾವೇ ಅದನ್ನು ಕಾರಿಗೆ ಹೊತ್ತೊಯ್ದರು.