ಹೋದ ಅಲೆ ಹಿಂದೆ ಬಂದರೆ

1997ರ ಫೆಬ್ರವರಿ 9, ಭಾನುವಾರ, ಸಂಜೆ 4 ಗಂಟೆ 20 ನಿಮಿಷ. ಕನ್ನಡಕದಂಗಡಿಯ ಗುಮಾಸ್ತ ತನ್ನ ಮಾವನ ವೈರ್‌ಲೆಸ್ ಸೆಟ್ಟಿನ ಗುಂಡಿಯನ್ನು ಅರೆಕ್ಷಣ ಒತ್ತಿ, ಕಾದ ಹಂಚು ಮುಟ್ಟಿದವನಂತೆ ಬೆರಳು ಕಿತ್ತುಕೊಂಡ. ಮೀಟರಿನ ಮುಳ್ಳು ನಾಲ್ಕಕ್ಕೆ ಹಾರಿತ್ತು. ಅದು ಒಂದರ ಬಳಿ ನಿಂತರೆ ಕ್ಷೇಮ. ಮೂರು ದಾಟಿದರೆ, ಹೊರಟ ಅಲೆ ಆಂಟೆನಾದಿಂದ ಕೇಬಲ್ಲಿನಲ್ಲೇ ಹಿಂದಿರುಗಿ ಸೆಟ್ಟನ್ನು ಸುಡುತ್ತದೆ.

ಹಡಗಿನಲ್ಲಿ ವೈರ್‌ಲೆಸ್ ಆಫೀಸರಾಗಿದ್ದ ಮಾವ ಹೇಳಿಯೇ ಕೊಟ್ಟಿದ್ದರು: "ಭಾನುವಾರ ಐದಕ್ಕೆ ನಿಮ್ಮ ದನಿ ನನಗೆ ಕೇಳಬೇಕು. ಕೇಳದಿದ್ರೆ ಸೆಟ್ಟು ವಾಪಸ್ಸು. ಸುಟ್ಟರೆ, ಅಳಿಯಂದಿರೇ, ಸೆಟ್ಟಿನ ಜೊತೆ ನೀವು ಬರೋದು ಬೇಡ."

ಗುಮಾಸ್ತ ತಾರಸಿಗೆ ಓಡಿದ. ಆಂಟೆನಾಗೆಂದು ಎರಡೂ ಬದಿಗೆ ಎಳೆದು ಕಟ್ಟಿದ್ದ ಡೈಪೋಲ್ ತಂತಿಯ ಒಂದು ಕೈಯ ಮೇಲೆ ಒದ್ದೆ ಚಾದರ ನೇತಾಡುತ್ತಿತ್ತು.

"ದೊಡ್ಡಮ್ಮಾ, ಇದು ಆಂಟೆನಾ!"

"ತಂತಿ ಅಂದ್ಮೇಲೆ ಬಟ್ಟೆ ಒಣಗ್ಬೇಕಪ್ಪ," ಎಂದರು ಮೇಲಿನ ಮನೆಯಾಕೆ. "ನೀನೇನು ಮಾತು ಒಣಗಿಸ್ತೀಯಾ?"

ಚಾದರ ತೆಗೆಸಿ, ಕೆಳಗಿಳಿದು ಒತ್ತಿದ. ಮೂರೂವರೆ. ಮತ್ತೆ ಮೇಲೆ ಹೋದರೆ, ಭಾರಕ್ಕೆ ಜೋತುಬಿದ್ದ ತಂತಿಯ ಕೆಳಗೆ ಎದುರುಮನೆಯ ಎಲೆಕ್ಟ್ರೀಷಿಯನ್ ಫ್ಯೂಸಣ್ಣ ಆಗಲೇ ನಿಂತಿದ್ದ.

"ಯಾಕ್ ಸಾರ್ ಮುಖ ಬಿಳಿಚ್ಕೊಂಡಿದೆ? ಏನಾಗ್ಬೇಕು ಹೇಳಿ."

"ಕೇಬಲ್ಲಿನ ಈ ತುದೀಲಿ ಐವತ್ತು ಓಮ್ ತಡೆ ಇರ್ಬೇಕು, ಆಗ್ಲೇ ಅಲೆ ವಾಪಸ್ಸು ಬರಲ್ಲ. ಹತ್ತೇ ನಿಮಿಷ ಉಳಿದಿರೋದು!"

"ಅಷ್ಟೇನಾ? ನೀವು ಸೆಟ್ಟು ನೋಡ್ಕೊಳ್ಳಿ, ನಾನಿದೀನಿ."

ಐದಕ್ಕೆ ಇನ್ನೊಂದೇ ನಿಮಿಷ. ಬೆವರಿದ ಬೆರಳಿನಿಂದ ಒತ್ತಿದ. ಮುಳ್ಳು ಸಾಧು ಹಸುವಿನ ಹಾಗೆ ಒಂದರ ಮೇಲೆ ಮಲಗಿತು! ಕಣ್ಣು ಮುಚ್ಚಿ ಮಾವನನ್ನು ಕರೆದ. ಉತ್ತರವಿಲ್ಲ. ಹತ್ತು ನಿಮಿಷ ಬಿಡದೆ ಕೂಗಿದ. ಕೊನೆಗೆ ಬಡಿದುಕೊಂಡದ್ದು ಟೆಲಿಫೋನು.

"ನಿಮ್ಮ ಉಸಿರೂ ಕೇಳಲಿಲ್ಲ," ಎಂದರು ಮಾವ. "ಎಲ್ಲಿಗೆ ಹೋಯ್ತು ಮಾತೆಲ್ಲ?"

ಗುಮಾಸ್ತ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಡೈಪೋಲ್ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಕೇಬಲ್ಲಿನ ತುದಿಗೆ ಕರೆಂಟಿಗೆ ತಡೆಯೊಡ್ಡುವ ಹೆಬ್ಬೆರಳು ಗಾತ್ರದ ರೆಸಿಸ್ಟರೊಂದನ್ನು ಅಚ್ಚುಕಟ್ಟಾಗಿ ಬೆಸೆಯಲಾಗಿತ್ತು.

"ಆ ತಂತಿ ಒಂದು ಸಲ ಎಪ್ಪತ್ತು ಓಮ್ ಅನ್ನುತ್ತೆ, ಒಂದು ಸಲ ಇನ್ನೇನೋ ಅನ್ನುತ್ತೆ ಅಂತ ನೀವೇ ಗೊಣಗ್ತಿದ್ರಲ್ಲ ಸಾರ್. ಕಿತ್ತು ಬಿಸಾಕ್ದೆ. ಇದು ಪಕ್ಕಾ ಐವತ್ತು!" ಎಂದ ಫ್ಯೂಸಣ್ಣ.

ಹೋದ ಅಲೆ ಹಿಂದಿರುಗಿರಲಿಲ್ಲ, ನಿಜ. ಆಕಾಶಕ್ಕೂ ಹಾರಿರಲಿಲ್ಲ. ಗುಮಾಸ್ತನ ಹತ್ತು ನಿಮಿಷದ ಮೊರೆಯಷ್ಟೂ ಆ ತುಂಡಿನೊಳಗೇ ಶಾಖವಾಗಿ ಕೂತಿತ್ತು. ಫ್ಯೂಸಣ್ಣ ಹೆಮ್ಮೆಯಿಂದ ಅದಕ್ಕೆ ಥರ್ಮಾಮೀಟರು ತಾಗಿಸಿದ.

84 ಡಿಗ್ರಿ ಸೆಲ್ಸಿಯಸ್.